ಸದ್ದು ಬರುವ ಮುಂಚಿನ ಮೂರು ಎಣಿಕೆ

ನಿನ್ನೆ ರಾತ್ರಿ ಹಬ್ಬದ ಬಾಣಬಿರುಸು ನೋಡಲು ತಾರಸಿ ಹತ್ತಿದ್ದೆವು. ಹೆಗಲ ಮೇಲೆ ಅಣ್ಣನ ಮಗಳು, ನಾಲ್ಕು ವರ್ಷದವಳು. ದೂರದಲ್ಲೊಂದು ಕಿಡಿ ಸರ್ರನೆ ಮೇಲೇರಿ ಆರಿಹೋಯಿತು. ಕತ್ತಲು. "ಚಿಕ್ಕಪ್ಪ, ಠುಸ್ ಆಯ್ತು" ಅಂದಳು. ಅವಳ ಮಾತು ಮುಗಿಯುವಷ್ಟರಲ್ಲಿ ಆಕಾಶದಲ್ಲಿ ದೊಡ್ಡ ಕೆಂಪು ಹೂವು. ಅವಳ ಎರಡೂ ಮುಷ್ಟಿಯಲ್ಲಿ ನನ್ನ ಕೂದಲು. ಸದ್ದು ಮಾತ್ರ ಇಲ್ಲ. ಒಂದು, ಎರಡು, ಮೂರು ಎಣಿಸಿದ ಮೇಲೆ ಎದೆಗೇ ಬಡಿದ ಹಾಗೆ ಢಮ್!

ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಬರುತ್ತದೆ. ಮೂರು ಎಣಿಕೆ ಅಂದರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಇದನ್ನೆಲ್ಲ ಅವಳಿಗೆ ಹೇಳಲಿಲ್ಲ, ಎಣಿಸುವುದನ್ನಷ್ಟೇ ಕಲಿಸಿದೆ. ಸ್ವಲ್ಪ ಹೊತ್ತಿಗೆ ಅವಳೇ ಬೆರಳು ಮಡಚುತ್ತಾ, ಮೂರನೆಯದಕ್ಕೆ ಕಿವಿ ಮುಚ್ಚಿಕೊಳ್ಳತೊಡಗಿದಳು.

ನನ್ನನ್ನು ಹಿಡಿದು ನಿಲ್ಲಿಸುವುದು ಹೂವು ಅರಳುವ ಮೊದಲಿನ ಆ ಕತ್ತಲು. ಹಾರಿಸುವ ಕೊಳವೆಯ ತಳದಲ್ಲಿರುವ ಮದ್ದು, ಬಿರುಸಿನ ಗುಂಡನ್ನು ಮೇಲಕ್ಕೆ ಚಿಮ್ಮಿಸುವಾಗಲೇ ಅದರ ಬತ್ತಿಗೂ ಬೆಂಕಿ ತಗಲುತ್ತದೆ. ಗುಂಡು ಏರಿ ಏರಿ ದಣಿದು, ಇನ್ನೇನು ಬೀಳಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಬತ್ತಿಯ ಬೆಂಕಿ ಒಳಗಿನ ಮದ್ದನ್ನು ಮುಟ್ಟಬೇಕು. ಯಾರೋ ಹಗಲಲ್ಲಿ ಕೂತು ಅಳೆದು ಇಟ್ಟ ಬತ್ತಿ ಅದು. ಒಳಗೆ ಒತ್ತಾಗಿ ಜೋಡಿಸಿದ ಮದ್ದಿನ ಉಂಡೆಗಳು ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಚಿಮ್ಮಿದರೆ ತುಂಬು ಚೆಂಡು. ಹಾಗಾಗಿ ಆಚೆ ದಿಕ್ಕಿನಲ್ಲಿ ನಿಂತವರಿಗೂ ಅದು ದುಂಡಗೇ ಕಾಣುತ್ತದೆ.

ಬಣ್ಣ ಬರುವುದು ಮದ್ದಿನಲ್ಲಿ ಬೆರೆಸಿದ ಲೋಹಗಳ ಲವಣಗಳಿಂದ. ಕೆಂಪು ಸ್ಟ್ರಾನ್ಷಿಯಂನದು, ಹಸಿರು ಬೇರಿಯಂನದು, ಹಳದಿ ಸೋಡಿಯಂನದು. ನೀಲಿ ತಾಮ್ರದ್ದು, ಮತ್ತು ಅದೇ ಎಲ್ಲಕ್ಕಿಂತ ಕಷ್ಟದ ಬಣ್ಣ. ಉರಿ ಒಂದಿಷ್ಟು ಹೆಚ್ಚಾದರೂ ನೀಲಿ ಕೊಡುವ ಆ ಸಂಯುಕ್ತವೇ ಒಡೆದುಹೋಗಿ ಬಣ್ಣ ಪೇಲವವಾಗುತ್ತದೆ. ನಿನ್ನೆ ಒಂದೇ ಒಂದು ಗಾಢ ನೀಲಿ ಬಂತು. ನೋಡಿದವನಿಗೆ ಗಂಟಲು ಕಟ್ಟಿತು, ನಿಜವಾಗಿ.

ಈ ಬಣ್ಣಗಳೆಲ್ಲ ಈಚಿನವು. 1830ರ ದಶಕದಲ್ಲಿ ಇಟಲಿಯ ಬಿರುಸು ತಯಾರಕರು ಪೊಟ್ಯಾಸಿಯಂ ಕ್ಲೋರೇಟ್ ಎಂಬ ರಾಸಾಯನಿಕ ಬೆರೆಸಿ ಗಾಢ ಬಣ್ಣ ತರುವವರೆಗೆ ಜನ ನೋಡಿದ್ದು ಹೆಚ್ಚಾಗಿ ಬಂಗಾರ, ಕಿತ್ತಳೆ, ಬಿಳಿ ಕಿಡಿಗಳನ್ನೇ. ಇದ್ದಿಲಿನ ಪುಡಿ ಜಾಸ್ತಿ ಹಾಕಿ ಮಾಡುವ, ಜಡೆ ಬಿಚ್ಚಿದ ಹಾಗೆ ನಿಧಾನಕ್ಕೆ ಇಳಿಯುವ ಬಂಗಾರದ ಬಿರುಸು ಇದೆಯಲ್ಲ, ನನಗೆ ಇವತ್ತಿಗೂ ಅದರ ಮುಂದೆ ಬೇರೆ ಯಾವುದೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಕೊನೆಗೆ ನೂರಾರು ಬಿರುಸು ಒಟ್ಟಿಗೆ ಹಾರಿಸುವುದು ನನಗೆ ಸರಿ ಕಾಣುವುದಿಲ್ಲ. ಎರಡೇ ನಿಮಿಷದಲ್ಲಿ ಹೊಗೆ ಕವಿದು, ಒಳಗೆಲ್ಲೋ ಮಿಂಚಿದ ಹಾಗೆ ಬೆಳಕಷ್ಟೇ ಕಾಣುತ್ತದೆ. ಹಸುಗೂಸುಗಳು, ನಾಯಿಗಳು ಆ ಸದ್ದಿಗೆ ನಡುಗುವುದಂತೂ ಬೇರೆ. ಒಂದೊಂದಾಗಿ ಬಿಡಿ. ಒಂದು ಪೂರ್ತಿ ಆರಲಿ, ಗಾಳಿ ಹೊಗೆಯನ್ನು ಒಯ್ಯಲಿ, ಕತ್ತಲು ಮರಳಲಿ, ಆಮೇಲೆ ಇನ್ನೊಂದು.

ನಿನ್ನೆಯದೂ ಹಾಗೇ ಗದ್ದಲದಲ್ಲಿ ಮುಗಿಯಿತು. ಸುತ್ತಲಿನವರೆಲ್ಲ ಕೆಳಗಿಳಿದರು. ಇವಳು ಮಾತ್ರ ಹೆಗಲಿನಿಂದ ಇಳಿಯಲು ಒಪ್ಪಲಿಲ್ಲ.

"ಇರು ಚಿಕ್ಕಪ್ಪ, ಕತ್ತಲಾಗಿದೆ. ಈಗ ಬರುತ್ತೆ."