ಕಣ ಸಿಕ್ಕಿಕೊಳ್ಳುವುದಷ್ಟೇ ಅಲ್ಲ, ಅಂಟುತ್ತದೆ ಕೂಡ

ಕೆಂಪು ರಕ್ತಕಣಗಳ ಆಕಾರವೇ ಕೆಡುವ ಆನುವಂಶಿಕ ಕಾಯಿಲೆಯಾದ ಸಿಕಲ್ ಸೆಲ್ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಕುಡುಗೋಲಿನಂತೆ ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ ಎಂದಷ್ಟೇ ಹೇಳಿದ್ದೀರಿ. ಅವು ನಾಳದ ಗೋಡೆಗೆ ಅಂಟಿಕೊಳ್ಳುವುದೂ ಅಷ್ಟೇ ಮುಖ್ಯ ಅಲ್ವಾ? ಲ್ಯಾಬ್‌ನಲ್ಲಿ ಇದನ್ನು ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಪಾರದರ್ಶಕ ಸಿಲಿಕೋನ್ ರಬ್ಬರಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ. ಒಳಗೆ, ರಕ್ತನಾಳದ ಗೋಡೆಯಲ್ಲೂ ಇರುವ ಲ್ಯಾಮಿನಿನ್ ಎಂಬ ಪ್ರೋಟೀನ್ ಸವರಿ, ಸಿರಿಂಜ್ ಪಂಪಿನಿಂದ ರಕ್ತ ಹರಿಸುತ್ತೇವೆ. ಒಂದು ಕಣ ಒಂದೇ ತುದಿಯಲ್ಲಿ ಕಚ್ಚಿಕೊಂಡು, ಹೊಳೆಯಲ್ಲಿ ಬೇರಿಗೆ ಸಿಕ್ಕ ಎಲೆಯಂತೆ ಓಲಾಡುತ್ತಿತ್ತು. ಹರಿವು ಜಾಸ್ತಿ ಮಾಡಿದರೂ ಬಿಡಲಿಲ್ಲ! ಗಾಜಿನ ಸ್ಲೈಡ್ ಮೇಲೆ ಸುಮ್ನೆ ನಿಂತ ರಕ್ತದಲ್ಲಿ ಇದು ಕಾಣುವುದೇ ಇಲ್ಲ. ಈ ಅಂಟುವಿಕೆಯನ್ನು ತಡೆಯಲೆಂದೇ ಬಂದ ಕ್ರಿಜಾನ್‌ಲಿಜುಮ್ಯಾಬ್ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಈ ಕಾಯಿಲೆ ಇದೆ. ದಯವಿಟ್ಟು ಲೇಖನಕ್ಕೆ ಈ ಭಾಗವನ್ನೂ ಸೇರಿಸಿ.