ದಾರಿ ಹೇಳಿ, ಬಾಗಿಲ ತನಕ ಬರಬೇಡಿ

ನಿನ್ನೆಯಿಂದ ಮನಸ್ಸು ಸರಿಯಿಲ್ಲ. ಕಾರಣ ಕೇಳಿದರೆ ಇಷ್ಟಕ್ಕೇನಾ ಅಂತೀರಿ. ನನಗೆ ಇದು ಸಣ್ಣದಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮಮ್ಮನ ಪದಬಂಧದ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ನಮ್ಮೂರಿಗೆ ಪೇಪರ್ ಬರೋದು ಸಾಗರದ ಬಸ್ಸಿನಲ್ಲಿ, ಬೆಳಿಗ್ಗೆ 9.30ಕ್ಕೆ. ತಿಂಡಿ ಪಾತ್ರೆ ತೊಳೆದಿಟ್ಟು, ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ಹಿಡಿದು ಜಗಲಿಯಲ್ಲಿ ಕೂತಳು ಅಂದರೆ ಮೊದಲ ಸುತ್ತಿಗೇ ಅರ್ಧ ತುಂಬುತ್ತೆ. ಉಳಿದದ್ದು ದಿನವಿಡೀ ಅವಳ ತಲೆಯಲ್ಲೇ ಇರುತ್ತೆ. ಸೊಪ್ಪು ಸೋಸುವಾಗ ಒಂದು ಸಿಗುತ್ತೆ, ಬಟ್ಟೆ ಹರವುವಾಗ ಇನ್ನೊಂದು. ಕೈ ಒರೆಸಿಕೊಂಡು ಓಡಿ ಬಂದು ಬರೀತಾಳೆ. ಆಗ ಅವಳ ಮುಖ ನೋಡಬೇಕು ನೀವು. ಆದರೂ ಸಿಗದೆ ಉಳಿದದ್ದಕ್ಕೆ ಮಧ್ಯಾಹ್ನ 2.30ಕ್ಕೆ ಶಿರಸಿಯ ಚಿಕ್ಕಮ್ಮನಿಗೆ ಫೋನು. ಅವಳದ್ದೂ ಅದೇ ಪೇಪರು, ಅದೇ ಪದಬಂಧ. ಇಬ್ಬರ ನಡುವೆ ಒಂದು ಕರಾರಿದೆ, ಉತ್ತರ ಹೇಳುವಂತಿಲ್ಲ. "ದಾರಿ ಹೇಳು ಸಾಕು, ಬಾಗಿಲ ತನಕ ಬರಬೇಡ" ಅಂತಾಳೆ ಅಮ್ಮ.

ನಿನ್ನೆ ಎಡದಿಂದ ಬಲಕ್ಕೆ ಒಂದು ಸುಳಿವಿತ್ತು: ಮಂಥಾನ, 4 ಅಕ್ಷರ. ಅಮ್ಮ ಅದನ್ನು ಮಂಥನ ಅಂತಲೇ ತಿಳಿದು 'ಆಲೋಚನೆ' ಬರೆದಳು, ಅಳಿಸಿದಳು. 'ಪರಾಮರ್ಶೆ' ಅಂದಳು, ಅದೂ ಕೂರಲಿಲ್ಲ. ಮೇಲಿಂದ ಇಳಿದು ಬಂದ 'ಗೋಪುರ'ದ ಗೋ ಮೂರನೇ ಮನೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಪೇಪರ್ ಮಡಚಿ ಕಿಟಕಿಯಲ್ಲಿಟ್ಟು ದನಕ್ಕೆ ಅಕ್ಕಚ್ಚು ಕೊಡಲು ಕೊಟ್ಟಿಗೆಗೆ ಹೋದಳು.

ರಜೆಗೆ ಬಂದಿರೋ ನನ್ನ ತಂಗಿಯ ಮಗ ಅಷ್ಟರಲ್ಲಿ ಪೇಪರ್ ಎತ್ತಿಕೊಂಡ. ಫೋನಿನಲ್ಲಿ ಫೋಟೋ ತೆಗೆದ. ಉಳಿದಿದ್ದ ಆರೂ ಪದಗಳ ಉತ್ತರ ಬಂತು. ನೀಲಿ ಪೆನ್ನಿನಲ್ಲಿ ಎಲ್ಲವನ್ನೂ ತುಂಬಿ, "ಅಮ್ಮಮ್ಮಾ, ನಿಂದು ಮುಗಿಸಿದೀನಿ ನೋಡು" ಅಂದ. ಒಳ್ಳೆ ಹುಡುಗ, ಅಮ್ಮಮ್ಮ ಅಂದರೆ ಪ್ರಾಣ ಅವನಿಗೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಅವಳ ಪೆನ್ಸಿಲ್ ಅಕ್ಷರಗಳ ಮಧ್ಯೆ ದಪ್ಪ ದಪ್ಪ ನೀಲಿ ಅಕ್ಷರ. "ಆಯ್ತಾ ಮಗಾ, ಒಳ್ಳೆದಾಯ್ತು" ಅಂದವಳು ಪೇಪರನ್ನು ಹಳೇ ಪೇಪರಿನ ರಾಶಿಗೆ ಹಾಕಿದಳು. 10.30ಕ್ಕೇ ರಾಶಿ ಸೇರಿತು ಅದು. ಸಂಜೆ ದೀಪ ಹಚ್ಚುವ ತನಕ ಕಿಟಕಿಯಲ್ಲೇ ಇರಬೇಕಾದ್ದು.

ಫೋನು ತಪ್ಪು ಉತ್ತರ ಕೊಟ್ಟಿದ್ದರೆ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಎಲ್ಲವೂ ಸರಿಯಾಗೇ ಇತ್ತು. ಕೇಳದೆ ಕೊಟ್ಟ ಉತ್ತರ ಸರಿಯಾಗಿದ್ದಷ್ಟೂ ಹೆಚ್ಚು ಕಿತ್ತುಕೊಳ್ಳುತ್ತೆ.

ನೀವು ಹೇಳೋದು ಗೊತ್ತು. ಅದೊಂದು ಆಟ, ನಾಳೆ ಬೆಳಿಗ್ಗೆ ಉತ್ತರ ಅಚ್ಚಾಗಿ ಬರುತ್ತೆ, ಇವತ್ತೇ ಗೊತ್ತಾದರೆ ನಷ್ಟವೇನು? ನಷ್ಟ ಇದೆ ಸ್ವಾಮಿ. ಉತ್ತರವನ್ನು ಅದೇ ದಿನ ಪಕ್ಕದಲ್ಲೇ ಅಚ್ಚು ಹಾಕೋದು ಪತ್ರಿಕೆಯವರಿಗೆ ಕಷ್ಟವೇ? ಬೇಕೆಂದೇ ಒಂದು ದಿನ ತಡೆದಿಡುತ್ತಾರೆ. ಆ ಒಂದು ದಿನವೇ ಓದುಗರಿಗೆ ಸಿಗೋದು. ಅದನ್ನು ಅಮ್ಮನಿಂದ ತೆಗೆದುಕೊಂಡು ಸಹಾಯ ಮಾಡಿದೆ ಅಂದರೆ ನಾನು ಒಪ್ಪಲ್ಲ. ವಯಸ್ಸಾದವರು ಯಾಕೆ ಕಷ್ಟಪಡಬೇಕು ಅಂತ ಒಬ್ಬರು ಕೇಳಿದರು. ಅಮ್ಮ ಕಷ್ಟಪಡ್ತಿದ್ದಾಳೆ ಅಂತ ನಿಮಗೆ ಯಾರು ಹೇಳಿದ್ದು?

ಕನ್ನಡದಲ್ಲಿ ಪದಬಂಧ ಬಿಡಿಸುವವರಿಗೆ ಇನ್ನೊಂದು ವಿಷಯ ಗೊತ್ತಿರುತ್ತೆ. ಪದಬಂಧ ಮೊದಲು ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮಾಡಿದ್ದು. ಅಲ್ಲಿ ಒಂದು ಮನೆಗೆ ಒಂದು ಲೆಟರ್. ನಮ್ಮಲ್ಲಿ ಒಂದು ಮನೆಗೆ ಇಡೀ ಅಕ್ಷರ. ದೀರ್ಘ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರಬೇಕು. ಗ ಇರೋ ಕಡೆ ಗೋ ಬರಲ್ಲ, ತ ಇರೋ ಕಡೆ ತ್ರ ಬರಲ್ಲ. ಅಡ್ಡದ ಪದ, ಉದ್ದದ ಪದ ಒಂದೇ ಮನೆಯಲ್ಲಿ ಕೂಡಬೇಕಾದರೆ ಕಾಗುಣಿತವೂ ಕೂಡಿಬರಬೇಕು. ಅ.ನಾ. ಪ್ರಹ್ಲಾದರಾವ್ ಅವರಂಥವರು ಸಾವಿರಾರು ಪದಬಂಧ ರಚಿಸಿದ್ದಾರಲ್ಲ, ಅದರ ಹಿಂದಿನ ದುಡಿಮೆ ನೆನೆದರೆ ಕೈ ಮುಗೀಬೇಕು ಅನ್ನಿಸುತ್ತೆ. ಬಿಡಿಸುವವರಿಗೆ ಇದರಿಂದ ಏನಾಗುತ್ತೆ ಅಂದರೆ, ಒಂದು ಅಕ್ಷರ ಸಿಕ್ಕರೆ ವ್ಯಂಜನ, ಸ್ವರ ಎರಡೂ ಸಿಕ್ಕ ಹಾಗೆ. ನಾಲ್ಕು ಮನೆಯ ಪದದಲ್ಲಿ ಒಂದು ಅಕ್ಷರ ಬಾಯಿಬಿಟ್ಟರೂ ಕಾಲು ಭಾಗ ಕೊಟ್ಟುಬಿಟ್ಟಿರಿ. ಅದಕ್ಕೇ ಚಿಕ್ಕಮ್ಮ ಅಕ್ಷರ ಕೂಡ ಹೇಳಲ್ಲ, ಊರು ಹೇಳ್ತಾಳೆ, ಹಬ್ಬ ಹೇಳ್ತಾಳೆ, ಯಾವುದೋ ಮದುವೆ ನೆನಪಿಸ್ತಾಳೆ.

ಸಹಾಯವೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಮನೆಯಲ್ಲಿ ನಿಘಂಟು ತೆಗೆಯೋದಕ್ಕೆ ಅಡ್ಡಿಯಿಲ್ಲ. ಅದು ಹುಡುಕಿಸುತ್ತೆ. ಮಂಥಾನ ಅಂತ ಪುಟ ತಿರುಗಿಸಿದರೆ ಹತ್ತಿರದಲ್ಲೇ 'ಮಂತು' ಕಾಣುತ್ತೆ, ಅದನ್ನು ಓದಿದವರಿಗೆ ಉತ್ತರ ತಾನಾಗೇ ಹೊಳೆಯುತ್ತೆ. ಪದಬಂಧ ಹುಟ್ಟಿದ ವರ್ಷವೇ ಹುಟ್ಟಿದ ನಮ್ಮ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಓದುಗರು ಒಂದು ಪದ ಕೇಳಿದರೆ ಬರೀ ಅರ್ಥ ಕೊಟ್ಟು ಕಳಿಸುತ್ತಿರಲಿಲ್ಲ. ಪದ ಎಲ್ಲಿಂದ ಬಂತು, ಹೇಗೆ ಬದಲಾಯಿತು ಅಂತ ಬಿಡಿಸಿ ಹೇಳುತ್ತಿದ್ದರು. ಸಹಾಯ ಅಂದರೆ ನನಗೆ ಅದು.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ನಾನು ಬೆಂಗಳೂರಿನಲ್ಲಿದ್ದಾಗ ಅಮ್ಮ ಫೋನ್ ಮಾಡುತ್ತಿದ್ದದ್ದು ನನಗೇ. "ಹಾಟಕ ಅಂತ ಕೊಟ್ಟಿದಾನೆ, ಎರಡಕ್ಷರ" ಅನ್ನೋಳು. ನಾನು ಆಫೀಸಿನ ಗಡಿಬಿಡಿಯಲ್ಲಿ "ಚಿನ್ನ, ಇಲ್ಲಾಂದ್ರೆ ಹೊನ್ನು, ಯಾವುದು ಕೂರುತ್ತೋ ಹಾಕು" ಅಂತ ಒಂದೇ ಉಸಿರಿಗೆ ಹೇಳಿ ಇಟ್ಟುಬಿಡುತ್ತಿದ್ದೆ. ಬೇಗ ಹೇಳಿದಷ್ಟೂ ಅಮ್ಮನಿಗೆ ಖುಷಿ ಅಂದುಕೊಂಡಿದ್ದೆ. ಸ್ವಲ್ಪ ದಿನಕ್ಕೆ ಅವಳು ಕೇಳೋದು ಬಿಟ್ಟಳು. ಎರಡು ವರ್ಷ, ಪದಬಂಧ ಬಿಡಿಸೋದನ್ನೇ ಬಿಟ್ಟಿದ್ದಾಳೆ ಅಂದುಕೊಂಡಿದ್ದೆ ನಾನು. ಊರಿಗೆ ವಾಪಸ್ಸು ಬಂದ ಮೇಲೆ ಗೊತ್ತಾಯಿತು, ಬಿಟ್ಟಿದ್ದು ನನ್ನನ್ನು ಕೇಳೋದು ಮಾತ್ರ. ಹಾಗಾಗಿ ಹುಡುಗನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ.

ಮಧ್ಯಾಹ್ನ 2.30ಕ್ಕೆ ಫೋನು ಬಂತು. ಚಿಕ್ಕಮ್ಮನಿಗೂ ಅದೇ ಉಳಿದಿತ್ತು. "ಅಕ್ಕಯ್ಯಾ, ಮಂಥಾನಕ್ಕೆ ಏನಾದ್ರೂ ದಾರಿ ಹೇಳೇ" ಅಂದಳು. ಅಮ್ಮ ರಾಶಿಯಿಂದ ಪೇಪರ್ ತೆಗೆದು ನೋಡಿದಳು. ನೀಲಿಯಲ್ಲಿ 'ಕಡೆಗೋಲು' ಅಂತಿದೆ. ಹೇಳುವಂತಿಲ್ಲ. ಸುಳಿವು ಕೊಡೋಣವೆಂದರೆ ಆ ಪದವನ್ನು ಅವಳು ಮುಟ್ಟಿದ್ದೇ ಇಲ್ಲ. ಸುಮ್ಮನೆ ನಿಂತಿದ್ದು, "ಉತ್ತರ ಇದೆ ಕಣೇ ಇಲ್ಲಿ, ದಾರಿ ನಂಗೊತ್ತಿಲ್ಲ" ಅಂದಳು. ನಾನು ಪಕ್ಕದಲ್ಲೇ ಇದ್ದೆ. ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ದಿನಾ ಮುಕ್ಕಾಲು ಗಂಟೆ ಆಡುವ ಮಾತು ನಿನ್ನೆ ಎರಡು ನಿಮಿಷಕ್ಕೆ ಮುಗಿಯಿತು.

ತಾನೇ ಹುಡುಕಿಕೊಂಡವರಿಗೆ ಮಾತ್ರ ಇನ್ನೊಬ್ಬರಿಗೆ ದಾರಿ ಹೇಳೋಕೆ ಬರುತ್ತೆ. ನಿನ್ನೆ ಅಮ್ಮನ ಕೈಯಿಂದ ಹೋಗಿದ್ದು ಆರು ಪದವಲ್ಲ, ತಂಗಿಗೆ ಸುಳಿವು ಕೊಡುವ ಅವಳ ಸರದಿ.

ಸಂಜೆ ಏಳರ ಹೊತ್ತಿಗೆ ಚಿಕ್ಕಮ್ಮನೇ ಮತ್ತೆ ಫೋನ್ ಮಾಡಿದಳು. "ಅಕ್ಕಯ್ಯಾ, ಸಿಕ್ತು! ಉಡುಪಿ ಕೃಷ್ಣನ ಬಲಗೈ ನೋಡೇ!" ಅಮ್ಮನಿಗೆ ಉತ್ತರ ಬೆಳಿಗ್ಗೆಯೇ ಗೊತ್ತಿತ್ತು, ಆದರೂ "ಅಯ್ಯೋ ಹೌದಲ್ಲೇ!" ಅಂತ ಕೂಗಿದಳು. ಆಮೇಲೆ ಶುರುವಾಯಿತು. ಅವರ ಅಮ್ಮ ಅಡುಗೆಮನೆಯ ಕಂಬಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದದ್ದು, ಆ ಹಗ್ಗ ಉಜ್ಜಿ ಉಜ್ಜಿ ಕಂಬದಲ್ಲಿ ಬೆರಳು ಹೋಗುವಷ್ಟು ಗೀರು ಬಿದ್ದಿದ್ದು, ಬೆಣ್ಣೆ ಬರೋ ತನಕ ಇಬ್ಬರೂ ಅಂಗೈ ಚಾಚಿಕೊಂಡು ಕೂತಿರುತ್ತಿದ್ದದ್ದು. ಹುಡುಗ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ರಾತ್ರಿ ಊಟಕ್ಕೆ ಕೂತಾಗ, ಆ ಕಂಬ ಈಗಲೂ ಇದೆಯಾ ಅಂತ ಕೇಳಿದ.

ಇವತ್ತಿನದರಲ್ಲಿ ಒಂದು ಉಳಿದಿದೆ. ಕುಲಾಯ, 2 ಅಕ್ಷರ, ಎರಡನೆಯದು ಡು. ಅಮ್ಮ ಬೆಳಿಗ್ಗೆಯಿಂದ ಮಕ್ಕಳ ಕುಲಾವಿ ನೆನೆಸಿಕೊಂಡು ಟೋಪಿಯ ಹಿಂದೆಯೇ ಬಿದ್ದಿದ್ದಾಳೆ. ಗೊತ್ತಿರುವವರು ದಯವಿಟ್ಟು ಇಲ್ಲಿ ಉತ್ತರ ಬರೆಯಬೇಡಿ. ದಾರಿ ಮಾತ್ರ ಹೇಳಿ, 2.30ಕ್ಕೆ ಮುಂಚೆ ಅವಳಿಗೆ ಓದಿ ಹೇಳ್ತೀನಿ.