ಲ್ಯಾಂಬೆತ್‌ನ ಟೌನ್ ಹಾಲ್, ನಮ್ಮ ವಾರ್ಡಿನ ಖಾಲಿ ಕುರ್ಚಿ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯಿಂದ ಸ್ಟ್ರೆಥಮ್‌ವರೆಗೆ ಉದ್ದಕ್ಕೆ ಚಾಚಿಕೊಂಡಿರುವ ಲ್ಯಾಂಬೆತ್ ಬರೋದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ವಾಸವಾಗಿದ್ದೇನೆ. ಬರೋ ಎಂದರೆ ನಗರದೊಳಗಿನ ಒಂದು ಪೂರ್ಣ ಪ್ರಮಾಣದ ಸ್ಥಳೀಯ ಆಡಳಿತ. ಲಂಡನ್ನಿನಲ್ಲಿ ಇಂತಹ ಬರೋಗಳು 32 ಇದ್ದು, 1965ರಲ್ಲಿ ಈಗಿನ ರೂಪಕ್ಕೆ ಬಂದವು. ಕಸ ವಿಲೇವಾರಿ, ಬಡವರ ಬಾಡಿಗೆ ಮನೆಗಳು, ಗ್ರಂಥಾಲಯ, ಉದ್ಯಾನ, ಬೀದಿ, ಕಟ್ಟಡದ ಪರವಾನಗಿ, ವೃದ್ಧರ ಮತ್ತು ಅನಾಥ ಮಕ್ಕಳ ಆರೈಕೆ, ಇವೆಲ್ಲವೂ ಬರೋದ ಕೌನ್ಸಿಲ್‌ಗೆ ಸೇರಿದ ಕೆಲಸಗಳು. ಪೊಲೀಸು ಮತ್ತು ಸಾರಿಗೆಯ ಹೊಣೆ ಲಂಡನ್ನಿನ ಮೇಯರ್‌ಗೆ ಸೇರಿದ್ದು.

ಇಲ್ಲಿಗೆ ಬಂದ ಮೊದಲ ನಾಲ್ಕೈದು ವರ್ಷ ನನಗೆ ಕೌನ್ಸಿಲ್ ಎಂದರೆ ಪ್ರತಿ ತಿಂಗಳು ಖಾತೆಯಿಂದ ಕಡಿತವಾಗುವ ತೆರಿಗೆ, ಅಷ್ಟೇ ಆಗಿತ್ತು. ಒಮ್ಮೆ ನಮ್ಮ ಬೀದಿಯ ದೀಪದ ಕಂಬಕ್ಕೆ ಹಳದಿ ಕಾಗದದ ಒಂದು ನೋಟೀಸು ಕಟ್ಟಿದ್ದರು. ಪಕ್ಕದ ಖಾಲಿ ಜಾಗದಲ್ಲಿ ಎತ್ತರದ ಕಟ್ಟಡ ಏಳಲಿದೆ, ಆಕ್ಷೇಪವಿದ್ದವರು ಇಂತಹ ದಿನದೊಳಗೆ ಬರೆದು ತಿಳಿಸಬೇಕು ಎಂಬುದು ಅದರ ಸಾರ. ಕುತೂಹಲದಿಂದ ನಾನು ಆ ಅರ್ಜಿಯ ವಿಚಾರಣೆಯ ಸಂಜೆ ಬ್ರಿಕ್ಸ್‌ಟನ್‌ನಲ್ಲಿರುವ, 1908ರಲ್ಲಿ ತೆರೆದ ಲ್ಯಾಂಬೆತ್ ಟೌನ್ ಹಾಲ್‌ಗೆ ಹೋದೆ. ಯಾರೂ ನನ್ನನ್ನು ತಡೆಯಲಿಲ್ಲ, ಯಾರ ಶಿಫಾರಸೂ ಬೇಕಾಗಲಿಲ್ಲ. ಕುದುರೆ ಲಾಳದ ಆಕಾರದಲ್ಲಿ ಜೋಡಿಸಿದ ಮೇಜುಗಳ ಹಿಂದೆ ಸದಸ್ಯರು, ಅವರೆದುರು ದಪ್ಪನೆಯ ಕಡತ. ಸಭೆಗೆ ಐದು ಪೂರ್ಣ ದಿನಗಳ ಮೊದಲೇ ಕಾರ್ಯಸೂಚಿಯೂ ಅಧಿಕಾರಿಗಳ ಟಿಪ್ಪಣಿಯೂ ಎಲ್ಲರಿಗೂ ಸಿಗಬೇಕೆಂಬುದು ಇಲ್ಲಿನ ಕಾನೂನು, ಆದ್ದರಿಂದ ನನ್ನ ಪಕ್ಕದಲ್ಲಿ ಕುಳಿತಿದ್ದವರ ಕೈಯಲ್ಲಿಯೂ ಅದೇ ಕಡತವಿತ್ತು.

ಆ ಸಂಜೆ ಮಾತಾಡಿದವರಲ್ಲಿ ಜಮೈಕಾದಿಂದ ಹುಡುಗಿಯಾಗಿದ್ದಾಗ ಬಂದ ಒಬ್ಬ ಅಜ್ಜಿಯೂ ಇದ್ದರು. ಅವರಿಗೆ ಸಿಕ್ಕದ್ದು ಕೆಲವೇ ನಿಮಿಷ. ಕೈಬರಹದ ಚೀಟಿಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದುಕೊಂಡು, ಆ ಕಟ್ಟಡ ಎದ್ದರೆ ತಮ್ಮ ವಠಾರದ ಮಕ್ಕಳು ಆಡುವ ಅಂಗಳಕ್ಕೆ ಮಧ್ಯಾಹ್ನ ಎಷ್ಟು ಹೊತ್ತಿನ ನಂತರ ಬಿಸಿಲು ಬೀಳುವುದಿಲ್ಲ ಎಂಬುದನ್ನು ಅವರು ಟಿಪ್ಪಣಿಯ ಪುಟಸಂಖ್ಯೆ ಸಮೇತ ಹೇಳಿದರು. ಒಬ್ಬ ಸದಸ್ಯೆ ಅದೇ ಪುಟವನ್ನು ತಿರುಗಿಸಿ ಅಧಿಕಾರಿಯನ್ನು ಪ್ರಶ್ನಿಸಿದರು. ಅಧಿಕಾರಿ ತಡವರಿಸಿದರು. ಕೊನೆಗೆ ಕೈ ಎತ್ತಿಸಿ ಮತ ಎಣಿಸಿದಾಗ ಕಟ್ಟಡಕ್ಕೆ ಒಪ್ಪಿಗೆ ಸಿಕ್ಕಿತು, ಅಜ್ಜಿ ಸೋತರು. ಆದರೆ ಯಾರು ಪರವಾಗಿ ಕೈ ಎತ್ತಿದರು, ಯಾರು ಎತ್ತಲಿಲ್ಲ ಎಂಬುದನ್ನು ಅವರು ಕುಳಿತಲ್ಲಿಂದಲೇ ಕಣ್ಣಾರೆ ಕಂಡರು. ಆ ಸದಸ್ಯರಲ್ಲಿ ಒಬ್ಬರು ಅವರ ವಾರ್ಡಿನವರೇ. ಮುಂದಿನ ಸಲ ಮನೆಬಾಗಿಲಿಗೆ ಮತ ಕೇಳಲು ಬಂದಾಗ ಏನು ಕೇಳಬೇಕೆಂದು ಅವರಿಗೆ ಗೊತ್ತು. ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿದ್ದು ಇದು: ನಮ್ಮ ಬೀದಿಯ ಬಗ್ಗೆ ಆದ ಒಂದು ತೀರ್ಮಾನಕ್ಕೆ ಹೆಸರುಗಳಿದ್ದವು, ಮುಖಗಳಿದ್ದವು.

ಲ್ಯಾಂಬೆತ್‌ನ ಜನಸಂಖ್ಯೆ 2021ರ ಗಣತಿಯಂತೆ 3.17 ಲಕ್ಷದಷ್ಟು, ಕೌನ್ಸಿಲರ್‌ಗಳು 63 ಮಂದಿ. ಅಂದರೆ ಸುಮಾರು ಐದು ಸಾವಿರ ಜನರಿಗೆ ಒಬ್ಬ ಪ್ರತಿನಿಧಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಚುನಾಯಿತ ಸದಸ್ಯರೊಂದಿಗೆ ನಡೆಯುತ್ತಿದ್ದ ಕಾಲದಲ್ಲಿ ವಾರ್ಡುಗಳು 198. 2011ರ ಗಣತಿಯ 84 ಲಕ್ಷ ಜನಸಂಖ್ಯೆಯನ್ನೇ ಹಿಡಿದರೂ ಒಬ್ಬ ಕಾರ್ಪೊರೇಟರ್ ಪಾಲಿಗೆ 42 ಸಾವಿರಕ್ಕಿಂತ ಹೆಚ್ಚು ಜನ. ಐದು ಸಾವಿರ ಜನರ ಪ್ರತಿನಿಧಿಯನ್ನು ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಶಾಲೆಯ ಗೇಟಿನ ಬಳಿ ಕಾಣಬಹುದು. ಇಲ್ಲಿನ ಬಹುಪಾಲು ಕೌನ್ಸಿಲರ್‌ಗಳು ಬೇರೆ ಉದ್ಯೋಗ ಮಾಡಿಕೊಂಡೇ ಈ ಕೆಲಸ ನಡೆಸುತ್ತಾರೆ. ಗೊತ್ತುಪಡಿಸಿದ ದಿನ ಗ್ರಂಥಾಲಯದಲ್ಲೋ ಚರ್ಚಿನ ಹಾಲ್‌ನಲ್ಲೋ ಕುಳಿತು ಜನರ ಅಹವಾಲು ಕೇಳುತ್ತಾರೆ, ಅದಕ್ಕೆ ಸರ್ಜರಿ ಎಂದು ಹೆಸರು. ಮಕ್ಕಳು ರಸ್ತೆ ದಾಟುವ ಜಾಗಕ್ಕೆ ಬಿಳಿ ಪಟ್ಟೆ ಬೇಕೆಂದು ಕೇಳಲು ನಾನು ಒಂದು ಶನಿವಾರ ಅಲ್ಲಿಗೆ ಹೋಗಿದ್ದೆ. ನನ್ನ ಮುಂದೆ ಮನೆಗೋಡೆಯ ತೇವದ ಫೋಟೋಗಳನ್ನು ಫೋನಿನಲ್ಲಿ ಹಿಡಿದುಕೊಂಡ ಸೊಮಾಲಿ ತಾಯಿಯೊಬ್ಬರಿದ್ದರು, ಹಿಂದೆ ಅಂಗಡಿಯ ಪರವಾನಗಿಗಾಗಿ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ. ಕೌನ್ಸಿಲರ್ ಒಂದು ಸಾದಾ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡರು.

ಇದನ್ನು ಬರೆಯುವಾಗ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ನೆನಪಾಗದೆ ಇರದು. ಅವಳ ಬೀದಿಯಲ್ಲಿ ಮಳೆನೀರು ಮನೆಯೊಳಗೆ ನುಗ್ಗುವ ಭಯ ಬಂದಾಗೆಲ್ಲ ಅವಳು ಇಂದಿಗೂ ಫೋನ್ ಮಾಡುವುದು ಮಾಜಿ ಕಾರ್ಪೊರೇಟರ್‌ಗೆ. ಅವರು ಒಳ್ಳೆಯವರು, ಫೋನ್ ಎತ್ತುತ್ತಾರೆ. "ಅಕ್ಕಾ, ನನಗೀಗ ಯಾವ ಅಧಿಕಾರವೂ ಇಲ್ಲ, ಆದರೂ ಇಂಜಿನಿಯರ್‌ಗೆ ಒಂದು ಮಾತು ಹೇಳಿ ನೋಡ್ತೀನಿ" ಎನ್ನುತ್ತಾರೆ. ಬೆಂಗಳೂರಿನಲ್ಲಿ ಪಾಲಿಕೆಯ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಚುನಾಯಿತ ಪಾಲಿಕೆಯ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ವಾರ್ಡುಗಳ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ, ನ್ಯಾಯಾಲಯದ ಮೊಕದ್ದಮೆ ಎಂದು ಒಂದಾದ ಮೇಲೊಂದು ಕಾರಣ ಬರುತ್ತಾ ಐದು ವರ್ಷಗಳು ಆಡಳಿತಾಧಿಕಾರಿಗಳ ಕೈಯಲ್ಲೇ ಕಳೆದವು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾದಾಗಲೂ ಅವುಗಳಲ್ಲಿ ಜನ ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಅಧಿಕಾರಿಗಳಲ್ಲಿ ದಕ್ಷರು, ಪ್ರಾಮಾಣಿಕರು ಇದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ವರ್ಗಾವಣೆಯಾಗಿ ಹೋಗುವ ಅಧಿಕಾರಿಯನ್ನು ಮುಂದಿನ ಸಲ ಮತ ಕೇಳಲು ಬಂದಾಗ ನಿಲ್ಲಿಸಿ ಕೇಳುವ ಹಾಗಿಲ್ಲ.

ಲ್ಯಾಂಬೆತ್ ಆದರ್ಶ ಆಡಳಿತವೆಂದು ನಾನು ಹೇಳುತ್ತಿಲ್ಲ. ಅದರ ಇತಿಹಾಸದಲ್ಲಿ ತಲೆ ತಗ್ಗಿಸುವಂಥ ಪುಟಗಳಿವೆ. ಬ್ರಾಕ್‌ವೆಲ್ ಉದ್ಯಾನದ ಅಂಚಿನಲ್ಲಿ 1970ರ ದಶಕದಲ್ಲಿ ಕೌನ್ಸಿಲ್ ತಾನೇ ಕಟ್ಟಿಸಿದ ಕ್ರೆಸಿಂಗ್‌ಹ್ಯಾಮ್ ಗಾರ್ಡನ್ಸ್ ಎಂಬ ಸುಮಾರು ಮುನ್ನೂರು ಮನೆಗಳ ಬಡಾವಣೆಯನ್ನು ಕೆಡವಿ ಹೊಸದಾಗಿ ಕಟ್ಟುವ ವಿಚಾರ ಬಂದಾಗ, ನಿವಾಸಿಗಳ ಅಭಿಪ್ರಾಯ ಕೇಳುತ್ತಿದ್ದ ನಡುವೆಯೇ, ಕೆಡವದೆ ದುರಸ್ತಿ ಮಾಡುವ ಆಯ್ಕೆಗಳನ್ನು ಕೌನ್ಸಿಲ್ ಕೈಬಿಟ್ಟಿತು. ನಿವಾಸಿಗಳು ಹೈಕೋರ್ಟಿಗೆ ಹೋಗಿ 2015ರ ನವೆಂಬರ್‌ನಲ್ಲಿ ಗೆದ್ದರು. ಮರುವರ್ಷವೇ ಕೌನ್ಸಿಲ್ ಮತ್ತೆ ಕೆಡಹುವ ತೀರ್ಮಾನಕ್ಕೇ ಬಂದದ್ದು ಬೇಸರದ ಸಂಗತಿ. 2016ರ ಮಾರ್ಚ್ 31ರಂದು ಹರ್ನ್ ಹಿಲ್‌ನ ಕಾರ್ನೆಗಿ ಗ್ರಂಥಾಲಯವನ್ನು ಮುಚ್ಚಲು ಹೊರಟಾಗ ಓದುಗರು, ಮಕ್ಕಳನ್ನು ಕರೆದುಕೊಂಡು ಬಂದ ತಂದೆತಾಯಿಗಳು ಹೊರಗೆ ಹೋಗಲು ನಿರಾಕರಿಸಿ ಸುಮಾರು ಹತ್ತು ದಿನ ಒಳಗೇ ಉಳಿದರು. ಪುಸ್ತಕದ ಕಪಾಟುಗಳ ನಡುವೆ ಹಾಸಿಗೆ ಹಾಸಿಕೊಂಡು ಮಲಗಿದರು, ಬೀದಿಯವರು ಊಟ ತಂದುಕೊಟ್ಟರು. 2018ರಲ್ಲಿ ಆ ಗ್ರಂಥಾಲಯ ಮತ್ತೆ ತೆರೆಯಿತು. 2025ರ ಮೇ ತಿಂಗಳಲ್ಲಿ ವೆಸ್ಟ್ ಡಲ್ವಿಚ್ ಭಾಗದ ಸಂಚಾರ ನಿರ್ಬಂಧದ ಯೋಜನೆಯನ್ನು ಹೈಕೋರ್ಟ್ ಕಾನೂನುಬಾಹಿರವೆಂದಿತು. ನಿವಾಸಿಗಳು ಸಿದ್ಧಪಡಿಸಿ ಕೊಟ್ಟಿದ್ದ 53 ಪುಟಗಳ ದಾಖಲೆಯನ್ನು ಕೌನ್ಸಿಲ್ ಪರಿಗಣಿಸಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಜನ ಬರೆದುಕೊಟ್ಟದ್ದನ್ನು ಓದದಿರುವುದು ಕಾನೂನಿನ ತಪ್ಪು ಎಂದು ಒಂದು ನ್ಯಾಯಾಲಯ ಹೇಳಿದ್ದನ್ನು ನಾನು ಎರಡು ಸಲ ಓದಿದೆ.

ಇವೆಲ್ಲಕ್ಕಿಂತ ಭೀಕರವಾದದ್ದು ಕೌನ್ಸಿಲ್ ನಡೆಸುತ್ತಿದ್ದ ಮಕ್ಕಳ ಪಾಲನಾಗೃಹಗಳಲ್ಲಿ ದಶಕಗಳ ಕಾಲ ನಡೆದ ದೌರ್ಜನ್ಯ. 2021ರ ಜುಲೈನಲ್ಲಿ ಪ್ರಕಟವಾದ ಸ್ವತಂತ್ರ ತನಿಖೆಯ ವರದಿ ಅದನ್ನು ಪುಟಪುಟವಾಗಿ ದಾಖಲಿಸಿದೆ. ಕೌನ್ಸಿಲರ್‌ಗಳು ಇದ್ದರು, ಸಭೆಗಳು ನಡೆದವು, ಆದರೂ ನೂರಾರು ಮಕ್ಕಳನ್ನು ಯಾರೂ ಕೇಳಲಿಲ್ಲ. ಚುನಾಯಿತ ಸಭೆ ಇದ್ದ ಮಾತ್ರಕ್ಕೆ ನ್ಯಾಯ ಸಿಗುತ್ತದೆ ಎಂದು ಯಾರಾದರೂ ವಾದಿಸಿದರೆ ನಾನು ಈ ವರದಿಯನ್ನೇ ಮುಂದಿಡುತ್ತೇನೆ. ಅದರ ಜೊತೆಗೆ ಒಂದೇ ಪಕ್ಷದ ಮೇಲುಗೈಯೂ ಒಂದು ತೊಡಕಾಗಿತ್ತು. 2022ರ ಚುನಾವಣೆಯಲ್ಲಿ 63 ಸ್ಥಾನಗಳಲ್ಲಿ 58 ಲೇಬರ್ ಪಕ್ಷಕ್ಕೆ ಹೋದವು, ಲಿಬರಲ್ ಡೆಮಾಕ್ರಾಟರಿಗೆ ಮೂರು, ಹಸಿರು ಪಕ್ಷಕ್ಕೆ ಎರಡು. ವಿರೋಧಿಸಲು ಐದೇ ಜನರಿದ್ದ ಆ ಸಭೆಯಲ್ಲಿ ಪ್ರಶ್ನೆ ಕೇಳುವ ಹೊಣೆ ಬಹುಪಾಲು ಬೀದಿಯ ಜನರ ಮೇಲೇ ಬಿತ್ತು.

ಆ ಹೊಣೆಯನ್ನು ಹೊರುವ ಜನ ಇಲ್ಲಿ ಎಲ್ಲಿಂದ ಬಂದರು ಎಂಬುದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. 1948ರಲ್ಲಿ ಎಂಪೈರ್ ವಿಂಡ್ರಶ್ ಹಡಗಿನಲ್ಲಿ ಕೆರಿಬಿಯನ್‌ನಿಂದ ಬಂದವರಲ್ಲಿ ಉಳಿಯಲು ನೆಲೆಯಿಲ್ಲದವರನ್ನು ಕ್ಲಾಪಮ್ ಸೌತ್‌ನ ನೆಲದಡಿಯ ಯುದ್ಧಕಾಲದ ಆಶ್ರಯತಾಣದಲ್ಲಿ ಇರಿಸಿದ್ದರು. ಹತ್ತಿರದ ಉದ್ಯೋಗ ವಿನಿಮಯ ಕಚೇರಿ ಬ್ರಿಕ್ಸ್‌ಟನ್‌ನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿತ್ತು, ಹಾಗಾಗಿ ಅವರಲ್ಲಿ ಅನೇಕರು ಅಲ್ಲೇ ಸುತ್ತಮುತ್ತ ನೆಲೆನಿಂತರು. ಕಪ್ಪು ಜನರಿಗೆ ಮನೆ ಬಾಡಿಗೆಗಿಲ್ಲ, ಬ್ಯಾಂಕಿನಲ್ಲಿ ಸಾಲವಿಲ್ಲ ಎಂಬ ದಿನಗಳಲ್ಲಿ ಅವರು ಪಾರ್ಡ್ನರ್ ಎಂಬ ಪದ್ಧತಿಯಲ್ಲಿ ವಾರವಾರ ಹಣ ಕೂಡಿಸಿ, ಸರದಿಯಂತೆ ಒಬ್ಬೊಬ್ಬರು ಎತ್ತಿಕೊಂಡು ಮನೆ ಕೊಂಡರು. ಆ ಅಜ್ಜಿ ಇದನ್ನು ನನಗೆ ವಿವರಿಸುತ್ತಿದ್ದಾಗ, ನಮ್ಮ ತಾಯಿ ಓಣಿಯ ಹೆಂಗಸರೊಂದಿಗೆ ಹಾಕುತ್ತಿದ್ದ ಚೀಟಿಯೇ ಕಣ್ಣ ಮುಂದೆ ಬಂತು. ಮುಂದೆ 1981ರಲ್ಲಿ ಬ್ರಿಕ್ಸ್‌ಟನ್‌ನಲ್ಲಿ ಪೊಲೀಸರ ವರ್ತನೆಯ ವಿರುದ್ಧ ಗಲಭೆ ಎದ್ದಿತು. ಒಬ್ಬರನ್ನೊಬ್ಬರು ನಂಬಿ ಹಣ ಕೂಡಿಸಿದ ಜನವೇ ಮುಂದೆ ಬಾಡಿಗೆದಾರರ ಸಂಘ ಕಟ್ಟಿದರು, ಟೌನ್ ಹಾಲ್‌ನ ಮೆಟ್ಟಿಲು ಹತ್ತಿದರು.

ನಮ್ಮಲ್ಲಿ ಈ ಒಗ್ಗಟ್ಟು ಕಡಿಮೆ ಇಲ್ಲ, ಬಹುಶಃ ಇಲ್ಲಿಗಿಂತ ಹೆಚ್ಚೇ ಇದೆ. ನಾನಿರುವ ಬೀದಿಯಲ್ಲಿ ಎದುರು ಮನೆಯವರ ಹೆಸರು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಬೆಂಗಳೂರಿನ ಅಕ್ಕನ ಬೀದಿಯಲ್ಲಾದರೋ ಗಣೇಶನನ್ನು ಕೂರಿಸಲು ಹುಡುಗರು ಮನೆಮನೆಗೆ ಬಂದು ಚಂದಾ ಎತ್ತುತ್ತಾರೆ, ರಾಜ್ಯೋತ್ಸವಕ್ಕೆ ಧ್ವಜ ಕಟ್ಟುತ್ತಾರೆ, ಯಾರಾದರೂ ತೀರಿಕೊಂಡರೆ ಶಾಮಿಯಾನ, ಕುರ್ಚಿ ಎಲ್ಲವೂ ತಾನಾಗಿ ಬರುತ್ತದೆ. ಆ ಹುಡುಗರ ಹತ್ತಿರ ಬೀದಿಯ ಪ್ರತಿ ಮನೆಯ ಲೆಕ್ಕವಿದೆ, ಚಂದಾದ ಪ್ರತಿ ರೂಪಾಯಿಗೂ ಜವಾಬು ಕೊಡುತ್ತಾರೆ. 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತದ್ದನ್ನೂ, ಮರುವರ್ಷ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟದ್ದನ್ನೂ ನಾನು ಮರೆತಿಲ್ಲ. ಆದರೆ ಅಷ್ಟು ದೊಡ್ಡ ಸೇತುವೆಯನ್ನು ತೀರ್ಮಾನಿಸಿದ್ದು ಆಗ ಅಸ್ತಿತ್ವದಲ್ಲಿದ್ದ ಚುನಾಯಿತ ಪಾಲಿಕೆಯಲ್ಲ, ರಾಜ್ಯ ಸರ್ಕಾರ ಮತ್ತು ಅದರ ಅಭಿವೃದ್ಧಿ ಪ್ರಾಧಿಕಾರ. ಇಂಥ ಮಾತುಗಳನ್ನು ಮೊದಲೇ ಆಡಲು ಒಂದು ಕೋಣೆ ಇದ್ದಿದ್ದರೆ ಜನ ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲಬೇಕಿರಲಿಲ್ಲ. ತಿಂಗಳ ಮೊದಲ ಶನಿವಾರ ಸೇರುತ್ತಿದ್ದ ವಾರ್ಡ್ ಸಮಿತಿಗಳು ಅಂಥ ಕೋಣೆಗಳಾಗುವ ಹಾದಿಯಲ್ಲಿದ್ದವು. ಅಧ್ಯಕ್ಷತೆ ವಹಿಸಬೇಕಾದ ಕಾರ್ಪೊರೇಟರ್ ಕುರ್ಚಿಯೇ ಖಾಲಿಯಾದ ಮೇಲೆ ಅವುಗಳಿಗೆ ಬಲ ಬರುವುದಾದರೂ ಎಲ್ಲಿಂದ?

ಹೊರನಾಡಿನಲ್ಲಿರುವ ನಮ್ಮ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಪಾರ್ಲಿಮೆಂಟಿಗೆ ಎದುರಾಗಿ ಬಸವಣ್ಣನವರ ಪುತ್ಥಳಿ ನಿಂತಿರುವ ನೆಲ ಲ್ಯಾಂಬೆತ್‌ಗೆ ಸೇರಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣಗೊಳಿಸಿದರು. ಅದರ ಹಿಂದೆ ದುಡಿದವರು ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್, ಲ್ಯಾಂಬೆತ್‌ನ ಕೌನ್ಸಿಲರ್ ಆಗಿ, 2010-11ರಲ್ಲಿ ಅದರ ಮೇಯರ್ ಆಗಿ ಇದ್ದವರು. ಒಬ್ಬ ಕನ್ನಡಿಗ ಇಲ್ಲಿನ ಕೌನ್ಸಿಲ್‌ನ ಒಳಗೆ ಕುಳಿತು ಅದರ ರೀತಿನೀತಿ ಕಲಿತದ್ದರಿಂದ ಆದ ಕೆಲಸವದು. ಬಸವ ಜಯಂತಿಗೆ, ರಾಜ್ಯೋತ್ಸವಕ್ಕೆ ನಾವು ಅಲ್ಲಿ ಸೇರುತ್ತೇವೆ, ಹಾರ ಹಾಕುತ್ತೇವೆ, ಮಕ್ಕಳಿಗೆ ಅನುಭವ ಮಂಟಪದ ಕಥೆ ಹೇಳುತ್ತೇವೆ. ಆದರೆ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ನಾಗರಿಕರಿಗೆ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಇಲ್ಲಿನ ಎಲ್ಲ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕಿದೆ ಎಂಬುದು ನಮ್ಮವರಲ್ಲಿ ಎಷ್ಟೋ ಜನರಿಗೆ ತಿಳಿದೇ ಇಲ್ಲ. ಮೂರು ವರ್ಷದ ವೀಸಾದ ಮೇಲೆ ಬಂದ ಸಾಫ್ಟ್‌ವೇರ್ ಹುಡುಗನೂ ಮತ ಹಾಕಬಹುದು. ಇದನ್ನು ಹೇಳಿದಾಗಲೆಲ್ಲ "ನಾವು ನಾಳೆ ಹೋಗುವವರು, ನಮಗೇಕೆ ಸರ್?" ಎಂಬ ಉತ್ತರ ಕೇಳಿ ನನಗೆ ನೋವಾಗುತ್ತದೆ. ನಮ್ಮ ಮಕ್ಕಳು ಓದುವುದು ಇಲ್ಲಿನ ಶಾಲೆಯಲ್ಲಿ, ತೆರಿಗೆ ಕಟ್ಟುವುದು ಇಲ್ಲಿನ ಕೌನ್ಸಿಲ್‌ಗೆ, ನಡೆದಾಡುವುದು ಇಲ್ಲಿನ ಬೀದಿಯಲ್ಲಿ.

2022ರ ಮೇ 5ರಂದು ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮತಗಟ್ಟೆಗೆ ಹೋದೆ. ಚರ್ಚಿನ ಹಿಂಭಾಗದ ಹಾಲ್, ನೆಲದ ಮೇಲೆ ಮಕ್ಕಳ ಆಟದ ಚಾಪೆ ಇನ್ನೂ ಮಡಚಿರಲಿಲ್ಲ. ಪ್ಲೈವುಡ್ಡಿನ ಮರೆಯೊಳಗೆ ದಾರ ಕಟ್ಟಿದ ಪೆನ್ಸಿಲ್. ನಮ್ಮ ವಾರ್ಡಿಗೆ ಮೂರು ಸ್ಥಾನಗಳಿದ್ದುದರಿಂದ ಮೂರು ಗುರುತು ಹಾಕಿ, ಮಡಚಿ, ಕಪ್ಪು ಪೆಟ್ಟಿಗೆಗೆ ಇಳಿಸಿದೆ. 2025ರ ದೀಪಾವಳಿಗೆ ಊರಿಗೆ ಹೋಗಿದ್ದಾಗ ಇದನ್ನೇ ಹೇಳುತ್ತಾ ಅಕ್ಕನ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ಹೊಸ ಐದು ಪಾಲಿಕೆಗಳಲ್ಲಿ ತನ್ನ ಬೀದಿ ಯಾವುದಕ್ಕೆ ಸೇರಿದೆ ಎಂದು ಅವಳಿಗೆ ಪೂರ್ತಿ ಖಾತ್ರಿಯಿರಲಿಲ್ಲ. ಅವಳ ಮಗ ಐದನೇ ತರಗತಿಯಲ್ಲಿದ್ದಾಗ ಆ ವಾರ್ಡಿಗೆ ಕೊನೆಯ ಚುನಾವಣೆ ನಡೆದಿತ್ತು. ಈಗ ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ, ಲೋಕಸಭೆಗೆ ಒಮ್ಮೆ ಮತ ಹಾಕಿದ್ದಾನೆ. ವಾರ್ಡಿನ ಮತಪೆಟ್ಟಿಗೆ ಹೇಗಿರುತ್ತದೆ ಮಾವ ಎಂದು ಅವನು ಕೇಳಿದ. ನಾನು ಬ್ರಿಕ್ಸ್‌ಟನ್‌ನದನ್ನು ವಿವರಿಸಿದೆ.